ಸುಳ್ಳು ಸ್ತೋತ್ರ ಬೇಡ

ನಮ್ಮ ಸಭೆಯ ಕಿರಿಯರು ಈಚೆಗೆ ನನ್ನ ಹತ್ತಿರ ಒಂದೇ ಪ್ರಶ್ನೆ ತರುತ್ತಿದ್ದಾರೆ. ಒಬ್ಬನಿಗೆ ದುಬೈಯಲ್ಲಿ ಕೆಲಸ ಹೋಗಿದೆ. ಊರಿಗೆ ಬಂದು ಮನೆಸಾಲದ ಕಂತು ಕಟ್ಟಲಾಗದೆ ಕೂತಿದ್ದಾನೆ. ಒಬ್ಬಳಿಗೆ ಎರಡನೇ ಸಲವೂ ಗರ್ಭ ನಿಲ್ಲಲಿಲ್ಲ. ಇನ್ನೊಂದು ಮನೆಯಲ್ಲಿ ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎಲ್ಲರೂ ಕೇಳುವುದು ಇಷ್ಟೇ: “ಆಂಟಿ, ಭಾನುವಾರ ಎಲ್ಲರ ಜೊತೆ ನಿಂತು ದೇವರಿಗೆ ಸ್ತೋತ್ರ ಅಂತ ಬಾಯಲ್ಲಿ ಹೇಳ್ತೇವೆ. ಒಳಗೆ ಏನೂ ಇಲ್ಲ. ಇದು ಪಾಪವಾ?”

ನಾನು ದೇವಶಾಸ್ತ್ರ ಓದಿದವಳಲ್ಲ. ಸರ್ಜಿಕಲ್ ವಾರ್ಡಿನಲ್ಲಿ ನರ್ಸಾಗಿದ್ದುಕೊಂಡೇ ಕೂದಲು ಬೆಳ್ಳಗಾದವಳು. ಈಗ ಸಭೆಯ ಹಿರಿಯಳೆಂದು ನಾಲ್ಕು ಮನೆಗೆ ಹೋಗಿ ಬರುತ್ತೇನೆ. ನೋವಿನಲ್ಲಿರುವವರು ದೇವರ ಹತ್ತಿರ ಹೇಗೆ ಮಾತಾಡುತ್ತಾರೆ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ಕೇಳಿದ್ದೇನೆ, ಅಷ್ಟೇ ನನ್ನ ಯೋಗ್ಯತೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕಷ್ಟಕ್ಕೆ ಒಗ್ಗುವುದನ್ನು ತೆಗೆದುಕೊಳ್ಳಿ, ಉಳಿದದ್ದನ್ನು ಬಿಡಿ.

• ಮೊದಲು ಅಳಿ. ಸ್ತೋತ್ರಕ್ಕೆ ಅವಸರ ಬೇಡ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನೋಡಿ. ಲಾಜರ ಸತ್ತು ನಾಲ್ಕು ದಿನವಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆಂದು ಯೇಸುಸ್ವಾಮಿಗೆ ಗೊತ್ತಿದೆ. ಆದರೂ ಮರಿಯಳೂ ಅವಳ ಜೊತೆ ಬಂದವರೂ ಅಳುವುದನ್ನು ಕಂಡು ಅವರೂ ಅತ್ತರು. ತಂದೆಗೆ ಕೃತಜ್ಞತೆ ಹೇಳಿದ್ದು ಆಮೇಲೆ, ಸಮಾಧಿಯ ಕಲ್ಲು ತೆಗೆದ ಮೇಲೆ. ಕಣ್ಣೀರು 35ನೇ ವಚನದಲ್ಲಿದೆ, ಕೃತಜ್ಞತೆ 41ರಲ್ಲಿ. ಆ ನಡುವಿನ ದಾರಿಯನ್ನು ಅವರೇ ನಡೆದು ಹೋದರು, ಹಾರಿ ಹೋಗಲಿಲ್ಲ.

ಅಳುವುದಕ್ಕೆ ಮಾತು ಸಿಗದಿದ್ದರೆ ಕೀರ್ತನೆಗಳ ಪುಸ್ತಕ ಇದೆ. ಅದರ 150ರಲ್ಲಿ ಬೇರೆ ಯಾವ ಬಗೆಗಿಂತಲೂ ಗೋಳಿನ ಕೀರ್ತನೆಗಳೇ ಹೆಚ್ಚು. ನಾನು ಮೊದಲು ತೆಗೆದುಕೊಡುವುದು 13ನೇದನ್ನು. ಆರೇ ವಚನ. ಇನ್ನೆಷ್ಟು ಕಾಲ ಎಂದು ದೇವರನ್ನು ಶುರುವಿನಲ್ಲೇ ನಾಲ್ಕು ಸಲ ಕೇಳುತ್ತದೆ. ಕೊನೆಗೆ ಹಾಡುತ್ತೇನೆ ಎನ್ನುತ್ತದೆ. ಗಟ್ಟಿಯಾಗಿ ಓದಿ. ಕೊನೆಯ ಎರಡು ವಚನ ಬಾಯಿಗೆ ಬಾರದಿದ್ದರೆ ನಾಲ್ಕಕ್ಕೆ ನಿಲ್ಲಿಸಿ ಮಲಗಿ, ಮಾರನೆಯ ದಿನ ಅಲ್ಲಿಂದಲೇ ಓದಿದರಾಯಿತು. ಅದೂ ಆಗದ ರಾತ್ರಿಗೆ 88 ಇದೆ. ಅದರಲ್ಲಿ ಅಂಥ ತಿರುವೇ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ದೇವರ ವಾಕ್ಯವೆಂದೇ ಹಿರಿಯರು ಉಳಿಸಿಕೊಂಡು ಬಂದಿದ್ದಾರೆ ಎಂದ ಮೇಲೆ, ನಿಮ್ಮ ದೂರಿನಿಂದ ದೇವರಿಗೆ ಸಿಟ್ಟು ಬರುತ್ತದೆ ಎಂದು ಹೆದರುವುದೇಕೆ?

• ಕಷ್ಟವನ್ನೇ ಉಪಕಾರ ಎನ್ನಬೇಡಿ. ಗಡ್ಡೆಗಾಗಿ ಸ್ತೋತ್ರ, ಕುಡಿದು ಬಂದ ಗಂಡನ ಏಟಿಗಾಗಿ ಸ್ತೋತ್ರ, ಆರು ತಿಂಗಳು ಸಂಬಳ ಹಿಡಿದಿಟ್ಟ ಧಣಿಗಾಗಿ ಸ್ತೋತ್ರ ಎಂದು ಯಾರೂ ಹೇಳಬೇಕಿಲ್ಲ. ಕೆಲವು ಕೂಟಗಳಲ್ಲಿ ಹೀಗೆ ಹೇಳಿಸುತ್ತಾರೆ, ಅದನ್ನು ನಂಬಿಕೆಯ ಎತ್ತರ ಎಂದೂ ಹೊಗಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಪೌಲನಿಗೆ ಶರೀರದಲ್ಲಿ ಮುಳ್ಳಿನಂತೆ ಏನೋ ಒಂದು ಕಾಡುತ್ತಿತ್ತಲ್ಲ, ಅದನ್ನು ತೆಗೆದುಬಿಡು ಎಂದೇ ಅವನು ಮೂರು ಸಲ ಬೇಡಿಕೊಂಡ. ಬೇಡಿದ್ದು ತಪ್ಪು ಎಂದು ದೇವರು ಅವನಿಗೆ ಹೇಳಲಿಲ್ಲ.

ಇದೇ ಪೌಲನ ಫಿಲಿಪ್ಪಿ ಊರಿನ ಕಥೆ ನಿಮಗೆ ಸಂಡೇ ಸ್ಕೂಲಿನಿಂದಲೇ ಗೊತ್ತು: ಅಪೊಸ್ತಲರ ಕೃತ್ಯಗಳು, 16ನೇ ಅಧ್ಯಾಯ. ಅವನನ್ನೂ ಸೀಲನನ್ನೂ ಛಡಿಯಿಂದ ಹೊಡೆಸಿ, ಒಳಸೆರೆಗೆ ತಳ್ಳಿ, ಕಾಲಿಗೆ ಕೋಳ ಹಾಕಿದ್ದರು. ನಡುರಾತ್ರಿ ಇಬ್ಬರೂ ಪ್ರಾರ್ಥಿಸುತ್ತಾ ಹಾಡಿದರು. ಪ್ರಸಂಗಗಳಲ್ಲಿ ಇಷ್ಟು ಖಂಡಿತ ಬರುತ್ತದೆ. ಮರುದಿನ ಬೆಳಗ್ಗೆ ಏನಾಯಿತು ಎಂಬುದು ಮಾತ್ರ ಅಷ್ಟಾಗಿ ಬರುವುದಿಲ್ಲ. ಊರಿನ ಅಧಿಕಾರಿಗಳು ಇವರನ್ನು ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದರು. ಪೌಲ ಜಾಗ ಬಿಟ್ಟು ಕದಲಲಿಲ್ಲ. ತಾವು ರೋಮಿನ ಪೌರರು, ವಿಚಾರಣೆಯೇ ಇಲ್ಲದೆ ಎಲ್ಲರೆದುರು ಹೊಡೆಸಿದ್ದಾರೆ, ಈಗ ಆ ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಹಟ ಹಿಡಿದ. ಅವರು ಹೆದರಿ ಬಂದು ಬೇಡಿಕೊಂಡರು. ರಾತ್ರಿ ಹಾಡಿದ್ದು, ಬೆಳಗ್ಗೆ ಜಗಳ ಕಾದದ್ದು, ಎರಡೂ ಒಬ್ಬನೇ ಮನುಷ್ಯ. ಹಾಡಿದೆನಲ್ಲ, ಇನ್ನು ನ್ಯಾಯ ಕೇಳಬಾರದು ಎಂದು ಅವನಿಗೆ ಅನಿಸಲಿಲ್ಲ.

ಆದ್ದರಿಂದ ಸಂಬಳ ಬಾರದವನು ಪ್ರಾರ್ಥನೆಯನ್ನೂ ಮಾಡಲಿ, ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿಯನ್ನೂ ಹಾಕಲಿ. ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಗಳು 181ಕ್ಕೆ ಫೋನ್ ಮಾಡಲಿ, ಪ್ರಾಣಕ್ಕೇ ಬಂದರೆ 112ಕ್ಕೆ. ಸಹಿಸಿಕೊಂಡು ಸ್ತೋತ್ರ ಹೇಳುತ್ತಿರಮ್ಮಾ ಎಂದು ಅವಳನ್ನು ಅದೇ ಮನೆಗೆ ವಾಪಸು ಕಳಿಸುವ ಹಿರಿಯರು ನಮ್ಮ ಸಭೆಯಲ್ಲಿ ಇದ್ದರೆ, ಅವರಿಗೆ 16ನೇ ಅಧ್ಯಾಯವನ್ನು ಕೊನೆಯ ವಚನದವರೆಗೆ ಓದಲು ಹೇಳಿ.

• ಚಿಕ್ಕದಕ್ಕೆ ಸ್ತೋತ್ರ ಹೇಳಿ, ಹೆಸರು ಹಿಡಿದು ಹೇಳಿ. “ನೀನು ಮಾಡಿದ ಎಲ್ಲಾ ಉಪಕಾರಗಳಿಗಾಗಿ” ಎಂಬ ಮಾತು ಆರಾಧನೆಗೆ ಸರಿ, ಅಲ್ಲಿ ಇನ್ನೂರು ಜನರ ಪರವಾಗಿ ಹೇಳುತ್ತೇವೆ. ಕಷ್ಟದಲ್ಲಿರುವ ಒಬ್ಬರ ಬಾಯಲ್ಲಿ ಅದು ನಿಲ್ಲುವುದಿಲ್ಲ. ಯಾವ ಉಪಕಾರ ಎಂದು ಮನಸ್ಸು ತಿರುಗಿ ಕೇಳುತ್ತದೆ.

ಇದನ್ನು ನಾನು ಕಲಿತದ್ದು ವಾರ್ಡಿನಲ್ಲಿ. ಹೊಟ್ಟೆಯ ಆಪರೇಷನ್ ಆದವರನ್ನು ನಾವು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆವು: “ಗ್ಯಾಸ್ ಹೋಯ್ತಾ?” ದೊಡ್ಡ ದೊಡ್ಡ ಆಫೀಸರುಗಳೂ ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡುತ್ತಿದ್ದರು. ಆದರೆ ಕರುಳು ಮತ್ತೆ ಕೆಲಸಕ್ಕೆ ಹತ್ತಿದೆ ಎಂಬುದಕ್ಕೆ ಅದೇ ಗುರುತು. ಅದು ಆದಮೇಲೆ ಬಾಯಿಗೆ ಒಂದೆರಡು ಚಮಚ ನೀರು, ಆಮೇಲೆ ಗಂಜಿತಿಳಿ, ಕ್ಯಾತಿಟರ್ ತೆಗೆದ ಮೇಲೆ ತಾನಾಗಿ ಮೂತ್ರ, ಆಮೇಲೆ ಮಂಚದಿಂದ ಕುರ್ಚಿಯವರೆಗೆ ನಾಲ್ಕು ಹೆಜ್ಜೆ. ಒಂದೊಂದಕ್ಕೂ ಮನೆಯವರ ಮುಖ ಅರಳುವುದನ್ನು ನೋಡಬೇಕಿತ್ತು. ಆ ದಿನಗಳಲ್ಲಿ ಅವರಿಗೆ ಪೂರ್ತಿ ಗುಣ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಬಯಾಪ್ಸಿ ವರದಿ ಬಂದಿಲ್ಲ, ಬಿಲ್ ಎಷ್ಟಾಗುತ್ತದೋ ತಿಳಿಯದು. ಆದರೂ ಗಂಜಿತಿಳಿ ಒಳಗೆ ನಿಂತಿತಲ್ಲ ಎಂದು ದೇವರಿಗೆ ವಂದನೆ ಹೇಳುವಾಗ ಅದರಲ್ಲಿ ಸುಳ್ಳಿನ ಎಳೆಯೂ ಇರುತ್ತಿರಲಿಲ್ಲ. ನಿಮಗೆ ಬೇಕಾದದ್ದು ಅಷ್ಟು ಅಳತೆಯ ಸ್ತೋತ್ರ. ಕೆಲಸ ಸಿಗಲಿಲ್ಲ, ಸಂದರ್ಶನಕ್ಕೆ ಹೋಗಿಬರಲು ಭಾವ ಬೈಕ್ ಕೊಟ್ಟ. ಭಾವನಿಗೂ ಬೈಕಿಗೂ ಸ್ತೋತ್ರ ಹೇಳಿ. ಕೆಲಸದ ಮಾತನ್ನು ಇನ್ನೊಂದು ವಾಕ್ಯದಲ್ಲಿ, ಇನ್ನೊಂದು ಸ್ವರದಲ್ಲಿ ಕೇಳಿ.

• ಬರೆದಿಡುವ ಅಭ್ಯಾಸವಿದ್ದರೆ ಬ್ಯಾಂಕಿನವರು ಕೊಟ್ಟ ಹಳೇ ಡೈರಿ ಸಾಕು. ದಿನಕ್ಕೆ ಇಷ್ಟೇ ಎಂದು ಲೆಕ್ಕ ಇಟ್ಟುಕೊಳ್ಳಬೇಡಿ. ಲೆಕ್ಕ ತುಂಬಿಸಲು ಹೊರಟರೆ ಮೂರನೇ ದಿನಕ್ಕೆ ಸುಳ್ಳು ಬರೆಯಲು ಶುರುಮಾಡುತ್ತೀರಿ. ಏನೂ ತೋಚದ ದಿನ ತಾರೀಕು ಮಾತ್ರ ಹಾಕಿ ಹಾಳೆ ಖಾಲಿ ಬಿಡಿ.

• ಊಟದ ಪ್ರಾರ್ಥನೆ ಒಂದನ್ನು ಬಿಡಬೇಡಿ. ಕುಟುಂಬ ಪ್ರಾರ್ಥನೆ ತಪ್ಪಿದರೂ, ಆರಾಧನೆಗೆ ಹೋಗುವುದಕ್ಕೆ ಮನಸ್ಸಾಗದಿದ್ದರೂ, ತಟ್ಟೆಯ ಮುಂದೆ ಅರ್ಧ ನಿಮಿಷ ಕಣ್ಣು ಮುಚ್ಚುವುದು ಉಳಿಯಲಿ. ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ರಾತ್ರಿ ಅವರು ಮಾಡಿದ್ದೂ ಅದನ್ನೇ: ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದರು. ಹಿಡಿದುಕೊಡುವವನೂ ಅದೇ ಪಂಕ್ತಿಯಲ್ಲಿ ಕೂತಿದ್ದ.

ಊಟದ ಪ್ರಾರ್ಥನೆಗೆ ಇನ್ನೊಂದು ಕಥೆಯೂ ಇದೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಅವರ ಹಿಂದೆಯೇ ಜರ್ಮನ್ ರಾಗಗಳೂ ನಮ್ಮ ಸಂಗೀತ ಪುಸ್ತಕಕ್ಕೆ ಬಂದವು. ಆ ಜರ್ಮನ್ ಹಾಡುಗಳ ಪರಂಪರೆಯಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯ ಒಂದು ಸ್ತೋತ್ರಗೀತೆ ಬಹಳ ಹೆಸರಾದದ್ದು. ಅವರು ಇದ್ದದ್ದು ಸ್ಯಾಕ್ಸನಿಯ ಐಲೆನ್‌ಬುರ್ಗ್ ಎಂಬ ಕೋಟೆ ಊರಿನಲ್ಲಿ. 1618ರಿಂದ 1648ರವರೆಗೆ ಅಲ್ಲಿ ಮೂವತ್ತು ವರ್ಷಗಳ ಯುದ್ಧ. ಕೋಟೆಯೊಳಗೆ ರಕ್ಷಣೆ ಸಿಕ್ಕೀತೆಂದು ಸುತ್ತಲಿನ ಜನ ಬಂದು ತುಂಬಿದರು, 1637ರಲ್ಲಿ ಪ್ಲೇಗು ಹರಡಿತು. ಊರಿನ ಬೇರೆ ಪಾದ್ರಿಗಳು ಕೆಲವರು ತೀರಿಕೊಂಡು, ಕೆಲವರು ಊರು ಬಿಟ್ಟು, ಕೊನೆಗೆ ಹೂಳುವ ಕೆಲಸಕ್ಕೆ ಇವರೊಬ್ಬರೇ ಉಳಿದರು. ಆ ವರ್ಷ ಇವರು ಮಣ್ಣು ಮಾಡಿದವರ ಲೆಕ್ಕ ನಾಲ್ಕು ಸಾವಿರ ದಾಟುತ್ತದೆ. ಅದರಲ್ಲಿ ಅವರ ಹೆಂಡತಿಯೂ ಒಬ್ಬರು. ಪ್ಲೇಗಿನ ಹಿಂದೆಯೇ ಬರ ಬಂತು.

ಹೆಣಗಳ ನಡುವೆ ನಿಂತು ಆ ಹಾಡು ಬರೆದರು ಎಂದು ಹೇಳುವುದನ್ನು ನೀವು ಕೇಳಿರಬಹುದು. ಕೇಳಲು ಚೆನ್ನಾಗಿದೆ. ಆದರೆ ಅದು ಮೊದಲು ಹುಟ್ಟಿದ್ದು ಮನೆಮಂದಿ ಊಟಕ್ಕೆ ಕೂತಾಗ ಹೇಳುವ ಪುಟ್ಟ ಪ್ರಾರ್ಥನೆಯಾಗಿ. ನನಗೆ ಈ ನಿಜವೇ ಹೆಚ್ಚು ಹಿಡಿಸುತ್ತದೆ. ಅಂಥ ವರ್ಷ ಬಂದಾಗ ಮನುಷ್ಯ ಹೊಸದಾಗಿ ಸ್ತೋತ್ರ ಕಲಿಯಲಾರ. ತಟ್ಟೆಯ ಮುಂದೆ ದಿನಾ ಹೇಳಿ ಬಾಯಿಗೆ ಅಂಟಿಕೊಂಡದ್ದೇ ಆಗ ಒದಗುವುದು. ನಿಮ್ಮ ಊಟದ ಪ್ರಾರ್ಥನೆಯಲ್ಲಿ ಮೀನು ತಂದುಕೊಟ್ಟ ಹೆಂಗಸಿನ ಹೆಸರೂ, ಅಡುಗೆ ಮಾಡಿದವರ ಹೆಸರೂ ಇರಲಿ. ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ ಇದ್ದ ದಿನ ಗಂಜಿಗೂ ಉಪ್ಪಿನಕಾಯಿಗೂ ಹೇಳಿ. ಇನ್ನೂ ಒಳ್ಳೆಯ ಊಟ ಕೊಡು ಎಂದು ಅದೇ ಪ್ರಾರ್ಥನೆಯಲ್ಲಿ ಕೇಳಿದರೂ ಅಡ್ಡಿಯಿಲ್ಲ.

• ಬೇರೆಯವರ ಕಷ್ಟ ನೋಡಿ ಸ್ತೋತ್ರ ಹೇಳಬೇಡಿ. “ಪಕ್ಕದ ಮಂಚದವರನ್ನು ನೋಡಿದರೆ ನಮ್ಮದು ಎಷ್ಟೋ ವಾಸಿ, ದೇವರಿಗೆ ಸ್ತೋತ್ರ” ಎಂಬುದು ವಾರ್ಡಿನಲ್ಲಿ ದಿನಾ ಕೇಳುವ ಮಾತು. ಪಕ್ಕದ ಮಂಚದವರಿಗೂ ಕಿವಿ ಇರುತ್ತದೆ ಮಾರಾಯ್ರೇ. ಲೂಕನ 18ನೇ ಅಧ್ಯಾಯದ ಫರಿಸಾಯ ಹೇಳಿದ್ದೂ ಒಂದು ಸ್ತೋತ್ರವೇ; ತಾನು ಆ ಸುಂಕದವನಂತೆ ಇಲ್ಲವಲ್ಲ ಎಂಬುದಕ್ಕಾಗಿ. ಅವನು ಮನೆಗೆ ಹೋದದ್ದು ಹೇಗೆ ಎಂದು ಯೇಸುಸ್ವಾಮಿ ಹೇಳಿದ್ದಾರೆ.

• ದುಃಖದ ಮನೆಗೆ ಹೋದಾಗ ಸ್ತೋತ್ರ ಹೇಳಿಸಬೇಡಿ. ಇದನ್ನು ಬರೆಯಬೇಕೆಂದೇ ನಾನು ಉಳಿದದ್ದನ್ನೂ ಬರೆಯಲು ಕೂತೆ ಎಂದರೂ ತಪ್ಪಿಲ್ಲ. ಮಗು ಕಳೆದುಕೊಂಡ ತಾಯಿಯ ಎದುರು ಕೂತು “ದೇವರ ಚಿತ್ತ ಅಮ್ಮಾ, ಸ್ತೋತ್ರ ಹೇಳು” ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. “ದೇವರಿಗೆ ಒಳ್ಳೆಯ ಹೂವೇ ಬೇಕಲ್ಲ”, “ಇನ್ನೂ ವಯಸ್ಸಿದೆ, ಇನ್ನೊಂದು ಆಗ್ತದೆ” ಎಂಬವು ಅದರ ಜೊತೆಯ ಮಾತುಗಳು. ಹೇಳುವವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಮೌನ ಸಹಿಸಲಾಗದೆ ಹೇಳುತ್ತಾರೆ. ಸ್ತೋತ್ರ ಎಂಬುದು ನೋವು ತಿಂದವರು ತಮಗೆ ಆದಾಗ, ತಮಗೆ ಆದಷ್ಟು ಕೊಡುವಂಥದ್ದು. ಎದುರು ಕೂತು ವಸೂಲಿ ಮಾಡುವ ಹಕ್ಕು ಸಭಾಪಾಲಕರಿಗೂ ಇಲ್ಲ, ಸ್ತ್ರೀಯರ ಸಂಘಕ್ಕೂ ಇಲ್ಲ.

ಯೋಬನ ಸ್ನೇಹಿತರು ಮೂವರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತಾಡಲಿಲ್ಲ. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದ ಮೇಲೆ ಕೆಟ್ಟರು. ಪುಸ್ತಕದ ಕೊನೆಯಲ್ಲಿ ದೇವರಿಗೆ ಸಿಟ್ಟು ಬರುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಹಾಕಿದ ಈ ಸ್ನೇಹಿತರ ಮೇಲೆ.

ಹಾಗಾದರೆ ಹೋಗಿ ಮಾಡುವುದೇನು? ಬೇಕಾದಷ್ಟಿದೆ. ಆಸ್ಪತ್ರೆಗಾದರೆ ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಉದ್ದ ವೈರಿನ ಮೊಬೈಲ್ ಚಾರ್ಜರ್, ಒಂದು ಹೊದಿಕೆ. ರಾತ್ರಿ ಕಾಯುವವರಿಗೆ ಎರಡು ಗಂಟೆ ನಿದ್ದೆ ಸಿಗುವಂತೆ ಆ ಸ್ಟೂಲಿನ ಮೇಲೆ ನೀವು ಕೂತುಕೊಳ್ಳಿ. ಸಾವಿನ ಮನೆಗಾದರೆ ಹಾಲು, ಸಕ್ಕರೆ, ಚಹಾಪುಡಿ. ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಆ ಮನೆಯವರಿಗೆ ಅದು ನೆನಪಿರುವುದಿಲ್ಲ, ಆಮೇಲೆ ಬ್ಯಾಂಕು, ಪಿಂಚಣಿ, ವಿಮೆ ಎಲ್ಲದಕ್ಕೂ ಆ ಪ್ರಮಾಣಪತ್ರ ಬೇಕಾಗುತ್ತದೆ. ಆಧಾರ್ ಪ್ರತಿ ತೆಗೆದುಕೊಂಡು ಯಾರಾದರೂ ಒಬ್ಬರು ಜೊತೆಗೆ ಓಡಾಡಿ. ಎಲ್ಲರೂ ಮೊದಲ ವಾರ ಬರುತ್ತಾರೆ, ನೀವು ಎರಡನೇ ತಿಂಗಳು ಹೋಗಿ.

• ಸಾಕ್ಷಿ ಹೇಳುವ ಕೂಟಗಳಲ್ಲಿ ಗುಣವಾದವರು ಮಾತ್ರ ಎದ್ದು ನಿಲ್ಲುತ್ತಾರೆ. ಕೀಮೋ ಮುಗಿದು ಕೂದಲು ಬಂದವರು, ವೀಸಾ ಸಿಕ್ಕವರು, ಕೋರ್ಟಿನಲ್ಲಿ ಗೆದ್ದವರು. ಕೇಳಿ ಸಂತೋಷಪಡೋಣ. ಹಿಂದಿನ ಬೆಂಚಿನಲ್ಲಿ ಇನ್ನೂ ಗುಣವಾಗದವರು ಕೂತಿರುತ್ತಾರಲ್ಲ, ಅವರು ಮನೆಗೆ ಹೋಗುವಾಗ ನಮ್ಮ ನಂಬಿಕೆಯಲ್ಲಿ ಏನು ಕೊರತೆ ಎಂದು ಲೆಕ್ಕ ಹಾಕುತ್ತಾ ಹೋಗುತ್ತಾರೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯ ದೊಡ್ಡ ಪಟ್ಟಿ ಇದೆ. ಸತ್ತ ಮಕ್ಕಳನ್ನು ಜೀವಸಹಿತ ಮರಳಿ ಪಡೆದ ತಾಯಂದಿರು ಅದರಲ್ಲಿದ್ದಾರೆ. ಗರಗಸದಿಂದ ಕೊಯ್ಸಿಕೊಂಡು ಸತ್ತವರೂ ಅದೇ ಪಟ್ಟಿಯಲ್ಲಿದ್ದಾರೆ, ಎರಡನೇ ದರ್ಜೆಯವರು ಎಂದು ಅಲ್ಲಿ ಬರೆದಿಲ್ಲ. ನಿಮ್ಮದು ಮುಗಿಯದ ಕಷ್ಟವಾದರೆ ಅದನ್ನೇ ಎದ್ದು ಹೇಳಿ: ಇನ್ನೂ ಆಗಿಲ್ಲ, ಆದರೆ ಇಂಥವರು ಜೊತೆಗಿದ್ದಾರೆ, ಪ್ರಾರ್ಥನೆ ಮಾಡಿ. ಅದೂ ಸಾಕ್ಷಿಯೇ. ಕೂಟ ನಡೆಸುವವರು ಅಂಥವರಿಗೂ ಮೈಕ್ ಕೊಡಲಿ.

• ಪ್ರಾರ್ಥನೆ ಬರದಿದ್ದರೆ ಹಾಡು ಬರುತ್ತದೆ. ತಮ್ಮ ಮಕ್ಕಳ ಹೆಸರು ಮರೆತ ಮುದುಕಿಯರು ಸಂಗೀತದ ನಾಲ್ಕೂ ಚರಣ ತಪ್ಪಿಲ್ಲದೆ ಹೇಳುವುದನ್ನು ನೋಡಿದ್ದೇನೆ. ಸ್ವರ ಎತ್ತಬೇಕೆಂದಿಲ್ಲ, ಪಾತ್ರೆ ತೊಳೆಯುತ್ತಾ ಗುನುಗಿದರೂ ಆಯಿತು. ಅದೂ ಆಗದ ಭಾನುವಾರ ಸುಮ್ಮನೆ ನಿಂತು ಉಳಿದವರು ಹಾಡುವುದನ್ನು ಕೇಳಿ. ನಿಮ್ಮ ಪಾಲಿನದನ್ನೂ ಅವರು ಹಾಡುತ್ತಾರೆ; ಸಭೆ ಎಂದು ಇರುವುದು ಮತ್ತೆ ಯಾತಕ್ಕೆ?

• ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಫಿಟ್ಸ್ ಮಾತ್ರೆ, ಮನಸ್ಸಿಗೆ ಕೊಟ್ಟ ಮಾತ್ರೆ, ಯಾವುದನ್ನೂ. ಸ್ತೋತ್ರ ಹೇಳಿ ಗುಣವಾಯಿತೆಂದು ಔಷಧಿ ಬಿಟ್ಟವರನ್ನು ತುರ್ತು ವಿಭಾಗದಲ್ಲಿ ಎತ್ತಿ ಮಲಗಿಸಿದವಳು ನಾನು.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕಿ ಏನು ಪ್ರಯೋಜನ ಎನಿಸುತ್ತದೆ ಎಂದರೆ ಅದು ಕೃತಜ್ಞತೆಯ ಕೊರತೆ ಅಲ್ಲ. ಎಲೀಯನಿಗೂ ಹಾಗಾಗಿತ್ತು. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿಕೊಂಡ ಪ್ರವಾದಿ, ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಯಿಸಿಬಿಡು ಎಂದ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟು, ದೂತನ ಕೈಯಲ್ಲಿ ರೊಟ್ಟಿ ನೀರು ಕಳಿಸಿ, ಮತ್ತೆ ಮಲಗಿಸಿ, ಮತ್ತೆ ಎಬ್ಬಿಸಿ ತಿನ್ನಿಸಿದರು. ಮಾತುಕತೆ ಅದಾದ ಮೇಲೆ. ನರ್ಸಿಂಗ್ ಶಾಲೆಯಲ್ಲಿ ಇದನ್ನೇ ಪಾಠ ಮಾಡಬಹುದು. ಅಂಥ ಸ್ಥಿತಿಯಲ್ಲಿರುವವರು ವೈದ್ಯರ ಹತ್ತಿರ ಹೋಗಲಿ. ಹೋಗಲು ಧೈರ್ಯ ಸಾಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಲಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

• ದೇವರಿಗೆ ಹೇಳುವುದನ್ನು ಮನುಷ್ಯರಿಗೂ ಹೇಳಿ. ಡಿಸ್ಚಾರ್ಜ್ ಆಗುವ ದಿನ ಡಾಕ್ಟರಿಗೆ ಸ್ವೀಟ್ ಬಾಕ್ಸ್ ಬರುತ್ತದೆ. ಬೆಡ್‌ಪ್ಯಾನ್ ಎತ್ತಿದ ಆಯಾಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹೋಗುವ ಮೊದಲು ಅವಳ ಹೆಸರು ಕೇಳಿ ತಿಳಿದುಕೊಳ್ಳಿ, ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಪೌಲನನ್ನು ಹೊಡೆದ ಅದೇ ಫಿಲಿಪ್ಪಿ ಊರಿನಲ್ಲಿ ಮುಂದೆ ಒಂದು ಸಭೆ ಬೆಳೆಯಿತು. ಅವನು ಇನ್ನೊಮ್ಮೆ ಸೆರೆಯಲ್ಲಿದ್ದಾಗ ಆ ಸಭೆಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದರು. ಫಿಲಿಪ್ಪಿಯವರಿಗೆ ಬರೆದ ಪತ್ರ ಎಂದು ನಾವು ಓದುವುದು ಅದು ತಲುಪಿತು ಎಂದು ಪೌಲ ಬರೆದ ಉತ್ತರವೂ ಹೌದು. ಕೊನೆಯ ಅಧ್ಯಾಯದಲ್ಲಿ, ಹಿಂದೆ ಥೆಸಲೋನಿಕದಲ್ಲಿದ್ದಾಗಲೂ ಒಂದೆರಡು ಸಲ ಕಳಿಸಿದ್ದಿರಿ ಎಂದು ನೆನಪು ಮಾಡಿ ಬರೆಯುತ್ತಾನೆ. ನಿಮ್ಮ ಕಷ್ಟದಲ್ಲಿ ಸಾಲ ಕೊಟ್ಟವರು, ರಕ್ತ ಕೊಟ್ಟವರು, ಸುಮ್ಮನೆ ಜೊತೆಗೆ ಬಂದು ಕೂತವರು ಯಾರು ಯಾರು ಎಂದು ಹಾಗೆ ನೆನಪಿಟ್ಟುಕೊಳ್ಳಿ. ಸಾಲವನ್ನು ತೀರಿಸಿ ಕೂಡ.

• ಕಾಣಿಕೆಯ ವಿಷಯ. ಸ್ತೋತ್ರ ಕಾಣಿಕೆಗಾಗಿ ಸಾಲ ಮಾಡಬೇಡಿ, ಚಿನ್ನ ಅಡವಿಡಬೇಡಿ. ಇಷ್ಟು ಕೊಡುತ್ತೇನೆ, ಇಷ್ಟು ಮಾಡಿಕೊಡು ಎಂದು ದೇವರ ಜೊತೆ ಚೌಕಾಸಿ ಬೇಡ. ಹಣ ಬಿತ್ತಿದರೆ ಹತ್ತು ಪಟ್ಟು ಬೆಳೆಯುತ್ತದೆ ಎಂದು ಹೇಳಿ ಖಾತೆ ಸಂಖ್ಯೆ ತೋರಿಸುವ ಟಿವಿ ಬೋಧಕರಿಂದ ದೂರ ಇರಿ. ಬಡ ವಿಧವೆ ಎರಡು ಕಾಸು ಹಾಕಿದ ಕಥೆಯನ್ನು ಇಂಥವರು ಬಹಳ ಹೇಳುತ್ತಾರೆ. ಲೂಕನ ಸುವಾರ್ತೆಯಲ್ಲಿ ಅದರ ಹಿಂದಿನ ವಚನಗಳಲ್ಲೇ, ವಿಧವೆಯರ ಮನೆಗಳನ್ನು ನುಂಗುವ ಧರ್ಮಬೋಧಕರ ಬಗ್ಗೆ ಯೇಸುಸ್ವಾಮಿ ಎಚ್ಚರಿಸಿದ್ದಾರೆ. ಅಲ್ಲಿಂದ ಓದಲು ಶುರುಮಾಡುವುದು ಒಳ್ಳೆಯದು.

ನನಗೆ ಇಷ್ಟವಾದ ಕಾಣಿಕೆ ನಮ್ಮ ಸುಗ್ಗಿ ಹಬ್ಬದ್ದು. ಮನೆಯಲ್ಲಿ ಬೆಳೆದದ್ದನ್ನು ತಂದು ಮುಂದಿಡುತ್ತೇವೆ: ಬಸಳೆ ಕಟ್ಟು, ಹರಿವೆ, ತೆಂಗಿನಕಾಯಿ, ಗೊನೆ, ಕೂಗುವ ಹುಂಜ. ಆರಾಧನೆಯ ಮೇಲೆ ಹರಾಜು. ಹತ್ತು ರೂಪಾಯಿಯ ನುಗ್ಗೆಕಾಯಿಗೆ ಇನ್ನೂರು ಕೂಗಿ, ಗೆದ್ದವರು ಅದನ್ನು ಮತ್ತೆ ಹರಾಜಿಗೇ ಕೊಟ್ಟು ನಗುವುದುಂಟು. ಅಲ್ಲಿ ಕೈ ಖಾಲಿಯಿದ್ದವರೂ ತಲೆಯೆತ್ತಿ ಬರಬಹುದು. ಹಿತ್ತಲಲ್ಲಿ ಒಂದು ಪಪ್ಪಾಯಿ ಇದ್ದರೆ ಅದೇ ಕಾಣಿಕೆ, ಅದೂ ಇಲ್ಲದಿದ್ದರೆ ಕುರ್ಚಿ ಜೋಡಿಸಲು ಬನ್ನಿ.

• ಪಂಡಿತಾ ರಮಾಬಾಯಿಯವರ ಜೀವನವನ್ನು ಒಮ್ಮೆ ಓದಿ. 1858ರಲ್ಲಿ ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಬರಗಾಲದ ಅಲೆದಾಟದಲ್ಲಿ ತಂದೆ, ತಾಯಿ, ಅಕ್ಕ ಹೋದರು. ಆಮೇಲೆ ಅಣ್ಣ. ಮದುವೆಯಾಗಿ ಎರಡು ವರ್ಷ ಆಗುವಷ್ಟರಲ್ಲಿ, 1882ರಲ್ಲಿ, ಗಂಡ. ಕೈಯಲ್ಲಿ ಕೂಸು ಮನೋರಮಾ. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಕ್ರೈಸ್ತರಾದ ಮೇಲೆ ಬಾಯಿ ಮುಚ್ಚಿಕೊಂಡು ಕೂತವರಲ್ಲ. ತಮಗೆ ಒಪ್ಪಿಗೆಯಾಗದ ಬೋಧನೆಯ ಬಗ್ಗೆ ಅಲ್ಲಿಯ ಹಿರಿಯರ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಸಾಕಿದರು. ಹಸಿವು ಏನೆಂದು ತಿಳಿದವರು ಅವರು. ಉಳಿದುಕೊಂಡದ್ದಕ್ಕೆ ಅವರು ಸಲ್ಲಿಸಿದ ಸ್ತೋತ್ರ ಅದು ಎಂದು ನನಗೆ ಅನಿಸುತ್ತದೆ. ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1921ರಲ್ಲಿ ಮಗಳೂ ತೀರಿಕೊಂಡಳು, ಮುಂದಿನ ಏಪ್ರಿಲ್‌ನಲ್ಲಿ ಇವರು. ನಂಬಿದವರಿಗೆ ಕೊನೆಯಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರು ಈ ಕಥೆಯನ್ನು ಪೂರ್ತಿ ಹೇಳುವುದಿಲ್ಲ.

• ಮಕ್ಕಳಿಂದ ಕಷ್ಟ ಮುಚ್ಚಿಡಬೇಡಿ. ಅಪ್ಪನಿಗೆ ಕೆಲಸ ಇಲ್ಲ ಎಂಬುದು ಅವಕ್ಕೆ ಹೇಗೂ ಗೊತ್ತಾಗಿರುತ್ತದೆ. ಸಂಜೆಯ ಪ್ರಾರ್ಥನೆಯಲ್ಲಿ ಅವುಗಳ ಸರದಿಯೂ ಇರಲಿ. ಬೆಕ್ಕು ಮರಿ ಹಾಕಿದ್ದಕ್ಕೆ ಸ್ತೋತ್ರ ಎಂದರೆ ನಗಬೇಡಿ, ಆಮೆನ್ ಎನ್ನಿ.

• ಸಾವಾದ ಮನೆಯ ಮೊದಲ ಕ್ರಿಸ್ಮಸ್ ಬಹಳ ಕಷ್ಟ. ಇದನ್ನು ಮನೆಯವರಿಗೂ ಹೇಳುತ್ತೇನೆ, ಸಭೆಯವರಿಗೂ ಹೇಳುತ್ತೇನೆ. ಮನೆಯವರು ನಕ್ಷತ್ರ ಕಟ್ಟಬೇಕು ಎನಿಸಿದರೆ ಕಟ್ಟಿ, ಇಲ್ಲದಿದ್ದರೆ ಬಿಡಿ. ಯಾರೂ ಕೇಳುವ ಹಾಗಿಲ್ಲ. ಆರಾಧನೆಗೆ ಬರುವುದಾದರೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತುಕೊಳ್ಳಿ, ತಡೆಯಲಾಗದಿದ್ದರೆ ಎದ್ದು ಹೊರಗೆ ಹೋಗಬಹುದು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವರ್ಷದ ಉಪಕಾರಗಳನ್ನು ನೆನೆಯಿರಿ ಎಂದಾಗ, ಸತ್ತವರ ಹೆಸರನ್ನೇ ಹೇಳಿ, ಅವರ ಜೊತೆ ಕಳೆದ ವರ್ಷಗಳಿಗಾಗಿ ಮಾತ್ರ ಸ್ತೋತ್ರ ಹೇಳಿ, ಉಳಿದದ್ದನ್ನು ಹೇಳಬೇಕಿಲ್ಲ. ಸಭೆಯವರು ನಿಮ್ಮ ಮನೆಯ ಕುಸ್ವಾರ್‌ನಲ್ಲಿ ಒಂದು ತಟ್ಟೆ ಆ ಮನೆಯವರಿಗಾಗಿ ತೆಗೆದಿಡಿ, ಅವರು ಈ ವರ್ಷ ಏನೂ ಮಾಡಿರುವುದಿಲ್ಲ. ಕ್ಯಾರಲ್ ತಂಡದವರು ಆ ಮನೆಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿ. ಬೇಡ ಎಂದರೆ ಮುಂದಿನ ಮನೆಗೆ ಹೋಗಿ. ಬನ್ನಿ ಎಂದರೆ ಡ್ರಮ್ಸ್ ಬಿಟ್ಟು ಗಿಟಾರ್ ಒಂದನ್ನೇ ಹಿಡಿದು ಹೋಗಿ, ಎರಡು ಹಾಡು ಹೇಳಿ ಬನ್ನಿ. ಸಾಂತಾ ವೇಷ ಹಾಕಿದವನು ವ್ಯಾನಿನಲ್ಲೇ ಕೂತಿರಲಿ.